ಕ್ವಾಲಾಲಂಪುರದಿಂದ ಸಿಂಗಪುರಕ್ಕೆ ಬಸ್ಸಿನಲ್ಲಿ: ಊರು ಬದಲಿಸುವ ದಿನದ ಲೆಕ್ಕ

ಅಡಿಕೆ ಕೊಯ್ಲು ಮುಗಿದು ಕೈ ಬಿಡುವಾದ ಮೇಲೆ ಸಾಗರ, ತೀರ್ಥಹಳ್ಳಿ, ಶಿವಮೊಗ್ಗದ ಕಡೆಯಿಂದ ಮಲೇಷ್ಯಾ–ಸಿಂಗಪುರಕ್ಕೆ ಹೊರಡುವ ಕುಟುಂಬಗಳು ಈಗ ಕಡಿಮೆಯಿಲ್ಲ. ಹಲವರ ಟಿಕೆಟ್ ಒಂದೇ ಮಾದರಿಯದು. ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ಇಳಿಯುವುದು, ನಾಲ್ಕೈದು ದಿನ ಸುತ್ತುವುದು, ಬಸ್ಸಿನಲ್ಲಿ ಸಿಂಗಪುರ ಸೇರುವುದು, ಅಲ್ಲಿಂದ ವಾಪಸು ಬೆಂಗಳೂರಿಗೆ ಹಾರುವುದು. ನಡುವಿನ ಬಸ್ ಪ್ರಯಾಣವನ್ನು ಪ್ರವಾಸದ ಪಟ್ಟಿಯಲ್ಲಿ 'ಬೆಳಿಗ್ಗೆ ಹೊರಟು ಮಧ್ಯಾಹ್ನ ತಲುಪುವುದು' ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುತ್ತಾರೆ. ತೊಂದರೆ ಹುಟ್ಟುವುದೇ ಆ ಸಾಲಿನಿಂದ.

ದೂರ ಸುಮಾರು 350 ಕಿ.ಮೀ. ರಸ್ತೆ ಉದ್ದಕ್ಕೂ ಎಕ್ಸ್‌ಪ್ರೆಸ್ ಹೆದ್ದಾರಿ, ಆಗುಂಬೆ ಘಾಟಿಯಂಥ ತಿರುವು ಒಂದೂ ಇಲ್ಲ. ಬಸ್ ಓಡುವ ಹೊತ್ತು ನಾಲ್ಕೂವರೆಯಿಂದ ಐದು ಗಂಟೆ, ಇದರಲ್ಲಿ ಹೆಚ್ಚು ವ್ಯತ್ಯಾಸವಾಗದು. ಗಡಿ ಮಾತ್ರ ಒಂದು ದಿನ 45 ನಿಮಿಷದಲ್ಲಿ ಮುಗಿಯುತ್ತದೆ, ಇನ್ನೊಂದು ದಿನ ಮೂರು ಗಂಟೆ ನುಂಗುತ್ತದೆ. ಹಾಗಾಗಿ ಇಡೀ ದಿನವನ್ನು ಗಡಿಯಿಂದ ಹಿಂದಕ್ಕೆ ಎಣಿಸುತ್ತ ಬರಬೇಕು.

ಯಾವ ವಾರ, ಯಾವ ಹೊತ್ತು

ಮಲೇಷ್ಯಾದ ಗಡಿಯೂರು ಜೊಹೋರ್ ಬಾರುವಿನಲ್ಲಿ ಮನೆ, ಸಿಂಗಪುರದಲ್ಲಿ ಕೆಲಸ ಇರುವವರು ಬಹಳ ಮಂದಿ. ಕೆಲಸದ ದಿನಗಳಲ್ಲಿ ಅವರು ಕತ್ತಲೆಯಲ್ಲೇ ಹೊರಟು ಬೆಳಗಿನ ಎಂಟರೊಳಗೆ ಗಡಿ ದಾಟುತ್ತಾರೆ. ಸಿಂಗಪುರದವರು ಶುಕ್ರವಾರ ಸಂಜೆ ಖರೀದಿಗೆ, ಊಟಕ್ಕೆ ಜೊಹೋರಿಗೆ ಬಂದು ಭಾನುವಾರ ಸಂಜೆ ಮರಳುತ್ತಾರೆ. ನೀವು ಹೋಗುವುದೂ ಸಿಂಗಪುರದ ದಿಕ್ಕಿಗೇ ಆದ್ದರಿಂದ ಭಾನುವಾರದ ಮಧ್ಯಾಹ್ನ–ಸಂಜೆ ನಿಮಗೆ ಎಲ್ಲಕ್ಕಿಂತ ಕೆಟ್ಟ ಹೊತ್ತು. ಎರಡೂ ದೇಶಗಳ ಶಾಲಾ ರಜೆ, ಚೀನೀ ಹೊಸವರ್ಷ, ರಂಜಾನ್ ಹಬ್ಬದ ಆಸುಪಾಸಿನಲ್ಲೂ ಇದೇ ಗತಿ.

ಮಂಗಳವಾರದಿಂದ ಗುರುವಾರದೊಳಗಿನ ದಿನ ಆರಿಸಿಕೊಳ್ಳಿ, ಮಧ್ಯಾಹ್ನ ಒಂದರಿಂದ ಮೂರರ ನಡುವೆ ಗಡಿ ಮುಟ್ಟುವಂತೆ ಬಸ್ ಹಿಡಿಯಿರಿ. ಅಂದರೆ ಬೆಳಿಗ್ಗೆ ಎಂಟೂವರೆ ಆಸುಪಾಸಿನ ಬಸ್ಸು. ಹೋಟೆಲಿನಿಂದ ಏಳಕ್ಕೆ ಹೊರಟರೆ ಏಳೂಮುಕ್ಕಾಲಿಗೆ ಬಸ್ ನಿಲ್ದಾಣ, ಹನ್ನೊಂದರ ಸುಮಾರಿಗೆ ದಾರಿಯಲ್ಲಿ ವಿರಾಮ, ಒಂದಕ್ಕೆ ಗಡಿ, ಎಲ್ಲ ಸರಿಹೋದರೆ ನಾಲ್ಕರೊಳಗೆ ಸಿಂಗಪುರದ ಹೋಟೆಲು. ಅಲ್ಲಿನ ಹೋಟೆಲುಗಳು ಕೋಣೆ ಕೊಡುವುದೂ ಸಾಮಾನ್ಯವಾಗಿ ಎರಡು–ಮೂರರ ಮೇಲೆಯೇ, ಬೇಗ ಹೋಗಿ ಪ್ರಯೋಜನವಿಲ್ಲ.

ಅದೇ ದಿನ ರಾತ್ರಿ ಬೆಂಗಳೂರಿನ ವಿಮಾನ ಇಟ್ಟುಕೊಳ್ಳಲೇಬೇಡಿ. ಬಸ್ ತಡವಾದರೆ ವಿಮಾನದವರು ಜವಾಬ್ದಾರರಲ್ಲ, ಬಸ್ಸಿನವರೂ ಅಲ್ಲ. ಹೊಸ ಟಿಕೆಟಿನ ದುಡ್ಡು ನಿಮ್ಮ ಜೇಬಿನಿಂದಲೇ ಹೋಗುತ್ತದೆ. ನಡುವೆ ಕನಿಷ್ಠ ಒಂದು ರಾತ್ರಿ ಇರಲಿ, ಎರಡಿದ್ದರೆ ಸಿಂಗಪುರವನ್ನೂ ನೋಡಿದಂತಾಗುತ್ತದೆ.

ಎಪ್ಪತ್ತು ದಾಟಿದವರು, ಮಂಡಿನೋವಿನವರು ಜೊತೆಗಿದ್ದರೆ ಈ ಒಂದು ಹಾದಿಗೆ ವಿಮಾನವೇ ಮೇಲು. ಹಾರಾಟ ಒಂದು ಗಂಟೆಯದು. ಆದರೆ ವಿಮಾನ ನಿಲ್ದಾಣ ಕ್ವಾಲಾಲಂಪುರದಿಂದ 50 ಕಿ.ಮೀ.ಗೂ ಆಚೆ ಇದೆ, ಅಲ್ಲಿ ಎರಡು–ಮೂರು ಗಂಟೆ ಮೊದಲೇ ಇರಬೇಕು. ಬಾಗಿಲಿಂದ ಬಾಗಿಲಿಗೆ ಲೆಕ್ಕ ಹಾಕಿದರೆ ಉಳಿಯುವ ಸಮಯ ಹೆಚ್ಚಿಲ್ಲ. ತಪ್ಪುವುದು ಗಡಿಯಲ್ಲಿ ಸೂಟ್‌ಕೇಸ್ ಎಳೆಯುವ ಶ್ರಮ, ಬಸ್ ಬಿಟ್ಟುಹೋಗುವ ಆತಂಕ. ಅಗ್ಗದ ವಿಮಾನಗಳಲ್ಲಿ ಲಗೇಜಿಗೆ ಬೇರೆ ದುಡ್ಡು ಕಟ್ಟಬೇಕು, ಅದನ್ನು ಸೇರಿಸಿಯೇ ಬಸ್ಸಿನ ದರದೊಂದಿಗೆ ಹೋಲಿಸಿ.

ಕಾಗದಪತ್ರ

ಮಲೇಷ್ಯಾಕ್ಕೆ ಭಾರತೀಯರಿಗೆ 30 ದಿನಗಳವರೆಗೆ ವೀಸಾ ಬೇಡ. 2023ರ ಡಿಸೆಂಬರ್‌ನಲ್ಲಿ ಆರಂಭವಾದ ಈ ವಿನಾಯಿತಿಯನ್ನು 2026ರ ಡಿಸೆಂಬರ್ 31ರವರೆಗೆ ವಿಸ್ತರಿಸಲಾಗಿದೆ. ಇದನ್ನೇ ನೆಚ್ಚಿಕೊಂಡು ಸಿಂಗಪುರಕ್ಕೂ ಬೇಡವೇನೋ ಅಂದುಕೊಳ್ಳುವವರಿದ್ದಾರೆ. ಸಿಂಗಪುರಕ್ಕೆ ವೀಸಾ ಬೇಕೇ ಬೇಕು, ಅದೂ ಹೊರಡುವ ಮೊದಲೇ. ಗಡಿಯಲ್ಲಿ ಕೊಡುವುದಿಲ್ಲ. ಅರ್ಜಿ ಹೋಗುವುದು ಅಧಿಕೃತ ಏಜೆಂಟರ ಮೂಲಕ. ಸರ್ಕಾರದ ಶುಲ್ಕ 30 ಸಿಂಗಪುರ ಡಾಲರ್, ಏಜೆಂಟರ ಸೇವಾಶುಲ್ಕ ಅದರ ಮೇಲೆ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು.

ವೀಸಾ ಬರುವುದು ಪಾಸ್‌ಪೋರ್ಟಿನಲ್ಲಿ ಅಂಟಿಸಿಕೊಂಡಲ್ಲ, ಇ–ವೀಸಾ ಕಾಗದವಾಗಿ. ಅದು ಕೈಸೇರಿದ ದಿನವೇ ಪಾಸ್‌ಪೋರ್ಟ್ ಪಕ್ಕದಲ್ಲಿಟ್ಟುಕೊಂಡು ಸಂಖ್ಯೆ, ಹುಟ್ಟಿದ ದಿನಾಂಕ, ಹೆಸರಿನ ಒಂದೊಂದು ಅಕ್ಷರವನ್ನೂ ತಾಳೆ ನೋಡಿ. ನಮ್ಮ ಕಡೆಯ ಹೆಸರುಗಳಲ್ಲಿ ಇದು ಮುಖ್ಯ. ಕೆಲವರ ಪಾಸ್‌ಪೋರ್ಟಿನಲ್ಲಿ ಊರು, ತಂದೆಯ ಹೆಸರು, ತಮ್ಮ ಹೆಸರು, ಹೆಗಡೆಯೋ ಭಟ್ಟರೋ ಎಲ್ಲ ಒಂದೇ ಸಾಲಿನಲ್ಲಿ ಬಿದ್ದು ಉಪನಾಮದ ಜಾಗ ಖಾಲಿ ಉಳಿದಿರುತ್ತದೆ. ಕೆಲವರದರಲ್ಲಿ ಇನಿಶಿಯಲ್ ಮಾತ್ರ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೆಯೇ ವೀಸಾ, ಬಸ್ ಟಿಕೆಟ್, ವಿಮಾನದ ಟಿಕೆಟ್ ಇರಲಿ. ಆಧಾರಿನಲ್ಲಿರುವ ಹೆಸರನ್ನು ಏಜೆಂಟರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದರಿಂದಲೇ ಹೆಚ್ಚಿನ ತಪ್ಪು ಆಗುವುದು. ಪಾಸ್‌ಪೋರ್ಟಿನ ಪುಟವನ್ನೇ ಕಳಿಸಿ.

ಸಿಂಗಪುರ ಮೊದಲು, ಮಲೇಷ್ಯಾ ಆಮೇಲೆ, ಮತ್ತೆ ಸಿಂಗಪುರ ಎಂದು ಸುತ್ತುವವರು ವೀಸಾದಲ್ಲಿ ಹಲವು ಬಾರಿ ಪ್ರವೇಶಕ್ಕೆ ಅವಕಾಶವಿದೆಯೇ ಎಂದು ಓದಿಕೊಳ್ಳಬೇಕು. ಒಮ್ಮೆ ಮಾತ್ರ ಎಂದಿದ್ದರೆ ಎರಡನೆಯ ಸಲ ಒಳಗೆ ಬಿಡರು.

ಇನ್ನು ಆಗಮನ ಕಾರ್ಡುಗಳು. ಮಲೇಷ್ಯಾದ ಡಿಜಿಟಲ್ ಕಾರ್ಡ್ ಆ ದೇಶಕ್ಕೆ ಬರುವ ಮುಂಚಿನ ಮೂರು ದಿನದೊಳಗೆ, ಸಿಂಗಪುರದ ಎಸ್‌ಜಿ ಅರೈವಲ್ ಕಾರ್ಡ್ ಸಿಂಗಪುರ ತಲುಪುವ ದಿನವೂ ಸೇರಿ ಮೂರು ದಿನದೊಳಗೆ ತುಂಬಬೇಕು. ಬೆಂಗಳೂರು ಬಿಡುವಾಗಲೇ ಎರಡನ್ನೂ ತುಂಬಿಬಿಡೋಣ ಅಂದರೆ ಆಗದು, ಸಿಂಗಪುರದ್ದು ಮೂರು ದಿನಕ್ಕಿಂತ ಮುಂಚೆ ತೆರೆಯುವುದಿಲ್ಲ. ಬಸ್ ಹತ್ತುವ ಹಿಂದಿನ ರಾತ್ರಿ ಹೋಟೆಲಿನ ವೈಫೈನಲ್ಲಿ ತುಂಬುವುದು ಒಳ್ಳೆಯದು. ಎರಡೂ ಪೂರ್ತಿ ಉಚಿತ. ಹುಡುಕಿದಾಗ ಮೇಲ್ಗಡೆ ಕಾಣಿಸಿಕೊಂಡು ಹಣ ಕೇಳುವ ತಾಣಗಳು ಸರ್ಕಾರದವಲ್ಲ. ಈ ಕಾರ್ಡು ವೀಸಾ ಅಲ್ಲ, ವೀಸಾ ಇದ್ದರೂ ಕಾರ್ಡು ತಪ್ಪದು.

ಮುದ್ರಿಸಿ ಇಟ್ಟುಕೊಳ್ಳಬೇಕಾದವು: ವೀಸಾ, ಆಗಮನ ಕಾರ್ಡಿನ ದೃಢೀಕರಣ, ಸಿಂಗಪುರದ ಹೋಟೆಲ್ ಬುಕಿಂಗ್, ಬೆಂಗಳೂರಿಗೆ ಮರಳುವ ಟಿಕೆಟ್. ಮೊಬೈಲಿನಲ್ಲಿದೆ ಎಂದರೆ ಸಾಲದು. ಗಡಿ ಹತ್ತಿರ ನೆಟ್‌ವರ್ಕ್ ಒಂದು ದೇಶದಿಂದ ಇನ್ನೊಂದಕ್ಕೆ ಜಾರುವಾಗಲೇ ಅದು ಬೇಕಾಗುವುದು. ಒಬ್ಬೊಬ್ಬರ ಕಾಗದ ಅವರವರ ಕೈಯಲ್ಲೇ ಇರಲಿ. ಎಲ್ಲರದ್ದನ್ನೂ ಯಜಮಾನರ ಚೀಲದಲ್ಲಿ ಕಟ್ಟಿಟ್ಟರೆ ಸಾಲು ಬೇರೆಬೇರೆ ಆದಾಗ ಹಿಂದಿದ್ದವರು ಖಾಲಿ ಕೈಯಲ್ಲಿ ಅಧಿಕಾರಿಯ ಎದುರು ನಿಲ್ಲಬೇಕಾಗುತ್ತದೆ.

ಸಿಂಗಪುರದಲ್ಲಿ ಆ್ಯಪ್ ನೋಡಿ ಯಾರದೋ ಫ್ಲ್ಯಾಟನ್ನು ಎರಡು ದಿನಕ್ಕೆ ಬಾಡಿಗೆ ಹಿಡಿಯಬೇಡಿ. ಖಾಸಗಿ ಮನೆಗಳನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಕೊಡುವುದು ಅಲ್ಲಿ ಕಾನೂನಿಗೆ ವಿರುದ್ಧ. ಹೋಟೆಲ್ ವಿಳಾಸವೇ ಇರಲಿ.

ಹಿಂದಿನ ರಾತ್ರಿ ಚೀಲ ಕಟ್ಟುವಾಗ

ಒಬ್ಬರಿಗೆ ಚಕ್ರದ ಒಂದು ಸೂಟ್‌ಕೇಸು, ಹೆಗಲಿಗೆ ಒಂದು ಚೀಲ. ಅದಕ್ಕಿಂತ ಹೆಚ್ಚಾದದ್ದನ್ನು ಗಡಿಯಲ್ಲಿ ಇಳಿಸಿ, ಮೆಟ್ಟಿಲೋ ಎಸ್ಕಲೇಟರೋ ಹತ್ತಿಸಿ, ಎಕ್ಸ್‌ರೇ ಯಂತ್ರಕ್ಕೆ ಹಾಕಿ, ಮತ್ತೆ ಬಸ್ಸಿಗೆ ಹೊರಬೇಕು. ನೆಂಟರಿಷ್ಟರಿಗೆ ಕೊಂಡ ಚಾಕಲೇಟು, ಬಿಳಿ ಕಾಫಿಪುಡಿಯ ಪೊಟ್ಟಣಗಳನ್ನು ಪ್ಲಾಸ್ಟಿಕ್ ಕವರುಗಳಲ್ಲಿ ಕೈತುಂಬ ನೇತುಹಾಕಿಕೊಂಡು ಹೋದರೆ ಒಂದಾದರೂ ಎಲ್ಲೋ ಉಳಿಯುತ್ತದೆ.

ಸಿಂಗಪುರದ ಕಸ್ಟಮ್ಸ್ ವಿಷಯದಲ್ಲಿ ಮಲೆನಾಡಿನವರು ವಿಶೇಷವಾಗಿ ಗಮನಿಸಬೇಕಾದದ್ದಿದೆ. ಕವಳದ ಸಂಚಿಯಲ್ಲಿನ ಹೊಗೆಸೊಪ್ಪು, ಗುಟ್ಕಾ, ಖೈನಿ, ನಶ್ಯ ಇವೆಲ್ಲ ಅಲ್ಲಿ ನಿಷಿದ್ಧ. ಸ್ವಂತ ಬಳಕೆಗೆ ಅಂದರೂ ಒಪ್ಪುವುದಿಲ್ಲ. ಹಿರಿಯರ ಸಂಚಿಯನ್ನು ಕ್ವಾಲಾಲಂಪುರದ ಹೋಟೆಲಿನಲ್ಲೇ ಬಿಚ್ಚಿ ನೋಡಿ, ಇದ್ದರೆ ಅಲ್ಲೇ ಎಸೆಯಿರಿ. ಗಸಗಸೆಯೂ ಹಾಗೆಯೇ. ಪಾಯಸಕ್ಕೆ ಹಾಕುವ ಆ ಕಾಳು ಅಫೀಮು ಗಿಡದ ಬೀಜವಾದ್ದರಿಂದ ಸಿಂಗಪುರದಲ್ಲಿ ಮಾದಕವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಗಸಗಸೆ ಹುರಿದು ಹಾಕಿದ ಮನೆಯ ಮಸಾಲೆಪುಡಿಯನ್ನೂ ಒಯ್ಯಬೇಡಿ. ಚ್ಯೂಯಿಂಗ್ ಗಮ್ ತರುವುದಕ್ಕೆ 1992ರಿಂದ ನಿಷೇಧವಿದೆ. ಇ–ಸಿಗರೇಟು ಸಿಕ್ಕರೆ ದೊಡ್ಡ ದಂಡ. ಮಾಮೂಲಿ ಸಿಗರೇಟಿಗೂ ಸುಂಕವಿಲ್ಲದ ಮಿತಿ ಎಂಬುದಿಲ್ಲ, ಒಂದು ಪ್ಯಾಕ್ ಇದ್ದರೂ ಕೆಂಪು ಸಾಲಿಗೆ ಹೋಗಿ ಹೇಳಿ ಸುಂಕ ಕಟ್ಟಬೇಕು. ಮಲೇಷ್ಯಾದಿಂದ ಬರುವವರಿಗೆ ಮದ್ಯಕ್ಕೂ ಸುಂಕದ ರಿಯಾಯಿತಿ ಇಲ್ಲ. ಬಾಟಲಿ ಬೇಕೇ ಬೇಕೆನ್ನುವವರು ಕೊನೆಯ ದಿನ ಚಾಂಗಿ ವಿಮಾನ ನಿಲ್ದಾಣದಲ್ಲೇ ಕೊಳ್ಳಲಿ. ನಿದ್ರೆ ಮಾತ್ರೆ, ಕೊಡೈನ್ ಇರುವ ಕೆಮ್ಮಿನ ಸಿರಪ್ಪಿಗೆ ಮೊದಲೇ ಅನುಮತಿ ಬೇಕಾಗಬಹುದು. ಬಿಪಿ, ಸಕ್ಕರೆ ಮಾತ್ರೆಗಳಿಗೆ ವೈದ್ಯರ ಚೀಟಿ ಜೊತೆಗಿರಲಿ. ಬೇರೆಯವರ ಚೀಲ ಹಿಡಿದುಕೊಳ್ಳಬೇಡಿ, ಸಹಪ್ರಯಾಣಿಕರು ಎಷ್ಟೇ ಸಭ್ಯರಾಗಿ ಕೇಳಿದರೂ. ಮಾದಕವಸ್ತು ಸಾಗಿಸಿದವರಿಗೆ ಅಲ್ಲಿ ಮರಣದಂಡನೆಯವರೆಗೂ ಶಿಕ್ಷೆ ಇದೆ.

ಹೆಗಲ ಚೀಲದಲ್ಲಿ ಶಾಲು ಅಥವಾ ಸ್ವೆಟರ್ ಬೇಕು. ಅಲ್ಲಿನ ಬಸ್ಸುಗಳ ಏಸಿ ಮಾಘದ ಚಳಿಗೆ ಹೊಂದಿಕೊಂಡವರನ್ನೂ ನಡುಗಿಸುತ್ತದೆ.

ಉಳಿದ ಮಲೇಷ್ಯಾದ ಹಣ ರಿಂಗಿಟ್‌ನಲ್ಲಿ ಒಬ್ಬರಿಗೆ ಮೂವತ್ತರಷ್ಟು ದಾರಿಯ ತಿಂಡಿಗೆ ಇಟ್ಟುಕೊಂಡು ಮಿಕ್ಕದ್ದನ್ನು ಸಿಂಗಪುರದ ಲಿಟ್ಲ್ ಇಂಡಿಯಾ ಬಡಾವಣೆಯ ವಿನಿಮಯ ಅಂಗಡಿಗಳಲ್ಲಿ ಬದಲಿಸಿ. ನಾಣ್ಯ ಯಾರೂ ತೆಗೆದುಕೊಳ್ಳುವುದಿಲ್ಲ, ಮೊದಲು ಅದನ್ನೇ ಖರ್ಚು ಮಾಡಿ. ಮೊಬೈಲಿಗೆ ಎರಡೂ ದೇಶಗಳಲ್ಲಿ ನಡೆಯುವ ಇ–ಸಿಮ್ ಕೊಂಡಿದ್ದರೆ ಗಡಿಯಲ್ಲಿ ಅಂಗಡಿ ಹುಡುಕಬೇಕಿಲ್ಲ. ಎರಡೂ ಕಡೆ ಗಡಿಯಾರ ಒಂದೇ, ಭಾರತಕ್ಕಿಂತ ಎರಡೂವರೆ ಗಂಟೆ ಮುಂದೆ. ಪ್ಲಗ್ಗೂ ಒಂದೇ, ಮೂರು ಚಪ್ಪಟೆ ಕಡ್ಡಿಯದು.

ಬಸ್ ಹತ್ತುವುದು

ದಕ್ಷಿಣಕ್ಕೆ ಹೋಗುವ ಬಸ್ಸುಗಳ ದೊಡ್ಡ ನಿಲ್ದಾಣಕ್ಕೆ ಟಿಬಿಎಸ್ ಎಂದು ಹೆಸರು. ಅದರ ಪಕ್ಕದ ರೈಲು ನಿಲ್ದಾಣ ಬಂದಾರ್ ತಾಸಿಕ್ ಸೆಲಾತಾನ್. ಕ್ವಾಲಾಲಂಪುರದ ಮುಖ್ಯ ರೈಲು ನಿಲ್ದಾಣವಾದ ಕೆಎಲ್ ಸೆಂಟ್ರಲ್‌ನಿಂದ ಕೆಎಲ್ಐಎ ಟ್ರಾನ್ಸಿಟ್ ರೈಲಿನಲ್ಲಿ ಮೊದಲ ನಿಲ್ದಾಣವೇ ಅದು. ಅದೇ ಹಳಿಯಲ್ಲಿ ಓಡುವ ಕೆಎಲ್ಐಎ ಎಕ್ಸ್‌ಪ್ರೆಸ್ ಹತ್ತಿದರೆ ನಡುವೆ ಎಲ್ಲೂ ನಿಲ್ಲದೆ ನೇರ ವಿಮಾನ ನಿಲ್ದಾಣಕ್ಕೆ ಹೋಗಿಬಿಡುತ್ತೀರಿ. ಹೆಸರು ನೋಡಿ ಹತ್ತಿ. ನಾಲ್ಕು ಜನ, ನಾಲ್ಕು ಸೂಟ್‌ಕೇಸ್ ಇದ್ದರೆ ಊಬರಿನಂತೆ ಆ್ಯಪ್‌ನಲ್ಲಿ ಕರೆಯುವ ಗ್ರಾಬ್ ಕಾರೇ ಸಲೀಸು, ದೊಡ್ಡ ಗಾಡಿ ಎಂದು ಆರಿಸಿ.

ಆನ್‌ಲೈನಿನಲ್ಲಿ ಕೊಂಡ ಟಿಕೆಟನ್ನು ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸ್ ಆಗಿ ಬದಲಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ಹೊರಡುವ ಐದು ನಿಮಿಷ ಮೊದಲು ಗೇಟಿಗೆ ಓಡುವವರು ಒಳಹೋಗಲಾರರು. 45 ನಿಮಿಷ ಮೊದಲೇ ಅಲ್ಲಿರಿ. ಟಿಕೆಟ್ ಕೊಳ್ಳುವಾಗ ಎರಡು ವಿಷಯ ನೋಡಿ: ಬಸ್ ಟಿಬಿಎಸ್‌ನಿಂದಲೇ ಹೊರಡುತ್ತದೆಯೇ ಅಥವಾ ಊರ ನಡುವಿನ ಹೋಟೆಲಿನ ಎದುರಿನಿಂದಲೇ, ಮತ್ತು ಸಿಂಗಪುರದಲ್ಲಿ ಎಲ್ಲಿ ಇಳಿಸುತ್ತದೆ. ಬೀಚ್ ರೋಡಿನ ಗೋಲ್ಡನ್ ಮೈಲ್ ಟವರ್ ಬಳಿ ಇಳಿಸುವುದಾದರೆ ಲಿಟ್ಲ್ ಇಂಡಿಯಾದ ಹೋಟೆಲುಗಳಿಗೆ ಹತ್ತಿರ. ಜೊಹೋರ್ ಬಾರುವಿನ ಲಾರ್ಕಿನ್ ನಿಲ್ದಾಣದವರೆಗೆ ಮಾತ್ರ ಹೋಗುವ ಟಿಕೆಟು ಅಗ್ಗ, ಆದರೆ ಅಲ್ಲಿಂದ ಮುಂದೆ ಬೇರೆ ಬಸ್ಸು. ಸಾಮಾನಿನ ಜೊತೆ ಆ ಉಳಿತಾಯ ಬೇಡ.

ಊಟದ ವಿಷಯ. ಬಸ್ ಹೆದ್ದಾರಿ ಪಕ್ಕದ ವಿಶ್ರಾಂತಿ ತಾಣದಲ್ಲಿ 15–20 ನಿಮಿಷ ನಿಲ್ಲುತ್ತದೆ, ಅಷ್ಟೇ. ಅಲ್ಲಿ ಶೌಚಾಲಯ ಚೊಕ್ಕಟ, ಹಣ್ಣು–ಚಹಾ ಸಿಗುತ್ತದೆ, ಸಸ್ಯಾಹಾರಿಗಳಿಗೆ ಮಾತ್ರ ಕಷ್ಟ. ನಾಸಿ ಲೆಮಾಕ್ ನೋಡಲು ತೆಂಗಿನಹಾಲಿನ ಅನ್ನ, ಆದರೆ ಮೇಲೆ ಒಣಮೀನು, ಬದಿಯ ಸಂಬಾಲ್ ಚಟ್ನಿಯಲ್ಲಿ ಹೆಚ್ಚಾಗಿ ಸೀಗಡಿ ಇರುತ್ತದೆ. ಕೆಎಲ್ ಸೆಂಟ್ರಲ್ ಪಕ್ಕದ ಬ್ರಿಕ್‌ಫೀಲ್ಡ್ಸ್ ಬೀದಿಗಳಲ್ಲಿ ದಕ್ಷಿಣ ಭಾರತದ ಹೋಟೆಲುಗಳಿವೆ. ಅಲ್ಲೇ ಉಳಿದುಕೊಂಡಿದ್ದರೆ ಬೆಳಿಗ್ಗೆ ಇಡ್ಲಿ ತಿಂದು ಮಧ್ಯಾಹ್ನಕ್ಕೆ ಚಪಾತಿಯೋ ಮೊಸರನ್ನವೋ ಕಟ್ಟಿಸಿಕೊಳ್ಳಬಹುದು. ಊರಿನಿಂದ ತಂದ ಅವಲಕ್ಕಿ, ಚಟ್ನಿಪುಡಿ ಉಳಿದಿದ್ದರೆ ಇನ್ನೂ ಸುಲಭ. ಕಟ್ಟಿಸಿಕೊಂಡದ್ದನ್ನು ಗಡಿಗಿಂತ ಮೊದಲೇ ತಿಂದು ಮುಗಿಸಿ. ಡುರಿಯನ್ ಹಣ್ಣನ್ನು ಬಸ್ಸಿಗೆ ತರಬೇಡಿ, ಹಲಸಿನ ವಾಸನೆಗೆ ಹೊಂದಿಕೊಂಡ ಮೂಗಿಗೂ ಅದು ಭಾರ. ಸಿಂಗಪುರದ ಮೆಟ್ರೋದಲ್ಲಂತೂ ಅದಕ್ಕೆ ಪ್ರವೇಶವೇ ಇಲ್ಲ.

ವಿಶ್ರಾಂತಿ ತಾಣದಲ್ಲಿ ಇಳಿಯುವ ಮೊದಲು ಬಸ್ಸಿನ ನಂಬರ್ ಪ್ಲೇಟಿನ ಫೋಟೊ ತೆಗೆದುಕೊಳ್ಳಿ. ಒಂದೇ ಕಂಪನಿಯ, ಒಂದೇ ಬಣ್ಣದ ಮೂರು ಬಸ್ಸು ಸಾಲಾಗಿ ನಿಂತಿರುತ್ತವೆ. ಈ ಫೋಟೊ ಗಡಿಯಲ್ಲಿ ಮತ್ತೆ ಬೇಕಾಗುತ್ತದೆ.

ಗಡಿಯಲ್ಲಿ

ಎರಡು ದಾರಿಗಳಿವೆ. ಹಳೆಯದು ಜೊಹೋರ್ ಬಾರುವಿನಿಂದ ವುಡ್‌ಲ್ಯಾಂಡ್ಸ್‌ಗೆ ಹೋಗುವ, 1924ರಲ್ಲಿ ಉದ್ಘಾಟನೆಯಾದ ಕಾಸ್‌ವೇ, ಅಂದರೆ ನೀರಿಗೆ ಅಡ್ಡಲಾಗಿ ಕಟ್ಟಿದ ಏರಿರಸ್ತೆ, ಉದ್ದ ಒಂದು ಕಿ.ಮೀ. ಚಿಲ್ಲರೆ. ಹೊಸದು ಪಶ್ಚಿಮದ ತುವಾಸ್ ಕಡೆಯ ಎರಡನೇ ಸೇತುವೆ, 1998ರದು. ದೂರದ ಬಸ್ಸುಗಳಲ್ಲಿ ಹಲವು ತುವಾಸ್ ದಾರಿ ಹಿಡಿಯುತ್ತವೆ. ದಾರಿ ಯಾವುದಾದರೂ ಕ್ರಮ ಒಂದೇ: ಎರಡು ಸಲ ಇಳಿಯಬೇಕು.

ಮೊದಲ ಇಳಿತ ಮಲೇಷ್ಯಾ ಕಡೆ, ಆ ದೇಶದಿಂದ ಹೊರಹೋಗುವ ಮುದ್ರೆಗೆ. ಇಲ್ಲಿ ಸಾಮಾನ್ಯವಾಗಿ ದೊಡ್ಡ ಲಗೇಜು ಬಸ್ಸಿನ ಹೊಟ್ಟೆಯಲ್ಲೇ ಇರುತ್ತದೆ, ಆದರೆ ಡ್ರೈವರು ಎಲ್ಲ ಇಳಿಸಿ ಎಂದರೆ ಇಳಿಸಿ. ಪಾಸ್‌ಪೋರ್ಟ್, ಹಣ, ಮೊಬೈಲು, ಕಾಗದಗಳ ಕವರು ಹೇಗೂ ಕೈಯಲ್ಲಿರಲಿ. ಸಾಲು ಮುಗಿದ ಮೇಲೆ ಬಸ್ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಇಳಿಯುವಾಗಲೇ ಡ್ರೈವರನ್ನು ಕೇಳಿಕೊಳ್ಳಿ, ಇಳಿಸಿದ ಜಾಗದಲ್ಲೇ ಹತ್ತಿಸುವುದಿಲ್ಲ.

ಸೇತುವೆ ದಾಟಿದ ಮೇಲೆ ಎರಡನೆಯ ಇಳಿತ ಸಿಂಗಪುರದ ಕಡೆ. ಇಲ್ಲಿ ಒಂದು ಕವರನ್ನೂ ಬಸ್ಸಿನಲ್ಲಿ ಬಿಡುವ ಹಾಗಿಲ್ಲ. ಇಮಿಗ್ರೇಶನ್ ಸಾಲು, ಬಳಿಕ ಎಕ್ಸ್‌ರೇ, ಬಳಿಕ ಬಸ್ಸು. ಅಧಿಕಾರಿ ಕೇಳುವುದು ಎಷ್ಟು ದಿನ, ಎಲ್ಲಿ ವಾಸ, ಯಾವಾಗ ವಾಪಸು ಎಂಬಷ್ಟೇ. ಇಂಗ್ಲಿಷ್ ಬಾರದ ಅಮ್ಮ–ಅಜ್ಜಿಯಂದಿರನ್ನು ಮುಂದೆ ಬಿಟ್ಟು ಅವರ ಬೆನ್ನಿಗೇ ಮಕ್ಕಳು ನಿಲ್ಲಲಿ. ಆಗ ಕರೆದರೆ ಸಹಾಯಕ್ಕೆ ಹತ್ತಿರವಿರುತ್ತಾರೆ. ಮುಖ, ಬೆರಳಚ್ಚು ಯಂತ್ರದಲ್ಲಿ ದಾಖಲಾಗುತ್ತದೆ. ಅಡಿಕೆ ಸುಲಿದು, ತೋಟದ ಕೆಲಸ ಮಾಡಿ ಬೆರಳ ಗೆರೆ ಸವೆದವರಿಗೆ ರೇಷನ್ ಅಂಗಡಿಯಲ್ಲಿ ಬರುವ ತೊಂದರೆಯೇ ಇಲ್ಲೂ ಬರಬಹುದು. ಸಾಲಿನಲ್ಲಿರುವಾಗಲೇ ಕೈಗೆ ಸ್ವಲ್ಪ ಕ್ರೀಮು ತಿಕ್ಕಿ, ಒರೆಸಿಕೊಂಡರೆ ಯಂತ್ರ ಬೇಗ ಹಿಡಿಯುತ್ತದೆ. ಪಾಸ್‌ಪೋರ್ಟಿಗೆ ಮುದ್ರೆ ಬೀಳುವುದಿಲ್ಲ. ಎಷ್ಟು ದಿನ ಇರಬಹುದೆಂಬ ಇ–ಪಾಸ್ ಇಮೇಲಿಗೆ ಬರುತ್ತದೆ, ಆದ್ದರಿಂದ ಆಗಮನ ಕಾರ್ಡಿನಲ್ಲಿ ನೀವು ತೆರೆದು ನೋಡುವ ಇಮೇಲನ್ನೇ ಕೊಟ್ಟಿರಬೇಕು. ಇಮಿಗ್ರೇಶನ್ ಕಟ್ಟಡದೊಳಗೆ ಫೋಟೊ ತೆಗೆಯಬೇಡಿ.

ಬಸ್ ಏಕೆ ಬಿಟ್ಟುಹೋಗುತ್ತದೆ? ಬಸ್ಸಿನಲ್ಲಿರುವವರಲ್ಲಿ ಹೆಚ್ಚಿನವರು ಮಲೇಷ್ಯಾದ, ಸಿಂಗಪುರದ ಪಾಸ್‌ಪೋರ್ಟಿನವರು, ಯಂತ್ರದ ಗೇಟಿನಲ್ಲಿ ನಿಮಿಷದೊಳಗೆ ಆಚೆ ಹೋಗುತ್ತಾರೆ. ಕೊನೆಗೆ ಉಳಿಯುವವರು ವೀಸಾ ತೋರಿಸಬೇಕಾದ ನೀವೇ. ಬಸ್ ನಿಲ್ಲಲು ಜಾಗ ಕಡಿಮೆ, ಹಿಂದೆ ಬೇರೆ ಬಸ್ಸು ಕಾಯುತ್ತಿರುತ್ತವೆ. ಡ್ರೈವರು 20 ನಿಮಿಷ ನೋಡಿ ಹೊರಡಬಹುದು. ಆದ್ದರಿಂದ ಇಳಿಯುವಾಗಲೇ ನಾವು ಇಷ್ಟು ಜನ, ಭಾರತದ ಪಾಸ್‌ಪೋರ್ಟು ಎಂದು ಅವರಿಗೆ ಹೇಳಿ. ಗುಂಪಿನಲ್ಲಿ ಚುರುಕಾದ ಒಬ್ಬರು ಮೊದಲು ದಾಟಿ ಬಸ್ಸಿನ ಬಳಿ ನಿಂತರೆ ಕಾಯುವ ಸಂಭವ ಹೆಚ್ಚು. ಬಸ್ ಇಳಿದ ಕೂಡಲೇ ಎಲ್ಲರೂ ಶೌಚಾಲಯಕ್ಕೆ ಓಡಬೇಡಿ, ಆ ಐದು ನಿಮಿಷದಲ್ಲಿ ಹಿಂದಿನ ಎರಡು ಬಸ್ಸಿನವರು ನಿಮ್ಮ ಮುಂದೆ ಸೇರುತ್ತಾರೆ.

ಸಿಂಗಪುರದ ಕಡೆ ಬಿಟ್ಟೇ ಹೋದರೂ ಗಾಬರಿ ಬೇಡ. ಲಗೇಜು ಕೈಯಲ್ಲಿದೆ, ಸಿಂಗಪುರದ ಒಳಗಿದ್ದೀರಿ. ಅದೇ ಕಂಪನಿಯ ಮುಂದಿನ ಬಸ್ಸಿಗೆ ಟಿಕೆಟ್ ತೋರಿಸಿ ಕೇಳಬಹುದು, ಆದ್ದರಿಂದ ಟಿಕೆಟ್ ಎಸೆಯಬೇಡಿ. ವುಡ್‌ಲ್ಯಾಂಡ್ಸ್‌ನಲ್ಲಾದರೆ ಕೆಳಗಿನ ಬಸ್ ಕಟ್ಟೆಯಿಂದ 170 ಎಕ್ಸ್ ಸಂಖ್ಯೆಯ ಸಿಟಿ ಬಸ್ಸು ಕ್ರಾಂಜಿ ಮೆಟ್ರೋ ನಿಲ್ದಾಣಕ್ಕೆ ಹೋಗುತ್ತದೆ. ಕ್ರಾಂಜಿಯಿಂದ ಕೆಂಪು ಮಾರ್ಗದಲ್ಲಿ ನ್ಯೂಟನ್, ಅಲ್ಲಿ ನೀಲಿ ಮಾರ್ಗಕ್ಕೆ ಬದಲಿಸಿದರೆ ಮುಂದಿನ ನಿಲ್ದಾಣವೇ ಲಿಟ್ಲ್ ಇಂಡಿಯಾ. ತುವಾಸ್ ಊರ ಹೊರಗಿನ ಕಾರ್ಖಾನೆ ಪ್ರದೇಶ, ಅಲ್ಲಿ ತಪ್ಪಿದರೆ ಟ್ಯಾಕ್ಸಿಯೇ ಸರಿ.

ಸಿಂಗಪುರದೊಳಗೆ

ಮೆಟ್ರೋ, ಸಿಟಿ ಬಸ್ಸಿಗೆ ಟಿಕೆಟ್ ಕೊಳ್ಳಬೇಕಿಲ್ಲ. ತಾಗಿಸಿ ಪಾವತಿಸುವ ವೀಸಾ ಅಥವಾ ಮಾಸ್ಟರ್ ಕಾರ್ಡು ಸಾಕು, ಅಂತರರಾಷ್ಟ್ರೀಯ ಬಳಕೆಗೆ ತೆರೆದಿರಬೇಕು ಅಷ್ಟೆ. ಒಂದು ಕಾರ್ಡಿನಲ್ಲಿ ಒಬ್ಬರೇ ಹೋಗಲು ಸಾಧ್ಯ. ಗಂಡನ ಕಾರ್ಡನ್ನೇ ಹೆಂಡತಿಯೂ ತಾಗಿಸಿದರೆ ಗೇಟು ತೆರೆಯುವುದಿಲ್ಲ. ವಿದೇಶಿ ಕಾರ್ಡಿಗೆ ದಿನಕ್ಕೆ ಸಣ್ಣ ಹೆಚ್ಚುವರಿ ಶುಲ್ಕವಿದೆ. ಇಳಿಯುವಾಗ ಬಸ್ಸಿನಲ್ಲೂ ಮತ್ತೆ ತಾಗಿಸಬೇಕು, ಇಲ್ಲದಿದ್ದರೆ ಕೊನೆಯ ನಿಲ್ದಾಣದವರೆಗಿನ ದರ ಹಿಡಿಯುತ್ತದೆ.

ಚಿಕ್ಕ ಮಕ್ಕಳಿದ್ದರೆ ಗ್ರಾಬ್ ಕರೆಯುವಾಗ ನೋಡಿಕೊಳ್ಳಿ. 1.35 ಮೀಟರ್‌ಗಿಂತ ಗಿಡ್ಡ ಮಕ್ಕಳಿಗೆ ಖಾಸಗಿ ಬಾಡಿಗೆ ಕಾರಿನಲ್ಲಿ ಮಕ್ಕಳ ಆಸನ ಕಡ್ಡಾಯ, ಇಲ್ಲದಿದ್ದರೆ ಚಾಲಕರು ಹತ್ತಿಸುವುದಿಲ್ಲ. ಮಾಮೂಲಿ ಟ್ಯಾಕ್ಸಿಗಳಿಗೆ ಈ ನಿಯಮದಿಂದ ವಿನಾಯಿತಿ ಇದೆ.

ಸಂಜೆಯ ಊಟಕ್ಕೆ ಸೆರಂಗೂನ್ ರೋಡಿನಲ್ಲಿ 1947ರಿಂದ ನಡೆಯುತ್ತಿರುವ ಕೋಮಲ ವಿಲಾಸ್ ಸೇರಿ ಸಸ್ಯಾಹಾರಿ ಹೋಟೆಲುಗಳು ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಖರೀದಿ ಇದ್ದರೆ ಬಿಲ್ಲು ಇಟ್ಟುಕೊಳ್ಳಿ. ತೆರಿಗೆ ವಾಪಸಿನ ಯೋಜನೆಯಲ್ಲಿರುವ ಅಂಗಡಿಯಲ್ಲಿ 100 ಡಾಲರಿಗಿಂತ ಕಡಿಮೆಯಿಲ್ಲದಂತೆ ಕೊಂಡರೆ ಚಾಂಗಿಯಲ್ಲಿ ಜಿಎಸ್‌ಟಿ ಹಿಂದೆ ಪಡೆಯಬಹುದು, ಅಲ್ಲಿನ ಜಿಎಸ್‌ಟಿ ಶೇ 9. ಸಾಮಾನು ತೋರಿಸಬೇಕಾಗಬಹುದು, ಲಗೇಜು ಒಪ್ಪಿಸುವ ಮೊದಲೇ ಆ ಯಂತ್ರದ ಬಳಿ ಹೋಗಿ.

ಬೆಂಗಳೂರಿನಿಂದ ಊರಿಗೆ

ಸಿಂಗಪುರದಿಂದ ಬೆಂಗಳೂರಿಗೆ ನಾಲ್ಕೂವರೆ ಗಂಟೆಯ ಹಾರಾಟ, ಗಡಿಯಾರ ಎರಡೂವರೆ ಗಂಟೆ ಹಿಂದಕ್ಕೆ. ಸಂಜೆ ಎಂಟಕ್ಕೆ ಹೊರಟದ್ದು ರಾತ್ರಿ ಹತ್ತಕ್ಕೆ ಇಳಿಯುತ್ತದೆ. ಇಮಿಗ್ರೇಶನ್, ಲಗೇಜು ಮುಗಿದು ಹೊರಬರಲು ಒಂದು ಗಂಟೆ, ಕೆಐಎ–9 ವಾಯುವಜ್ರದಲ್ಲಿ ಮೆಜೆಸ್ಟಿಕ್ ಸೇರಲು ಇನ್ನೊಂದು ಗಂಟೆಯ ಮೇಲೆ. ರಾತ್ರಿ ಹನ್ನೊಂದರ ಸುಮಾರಿಗೆ ಹೊರಡುವ ತಾಳಗುಪ್ಪ ರೈಲು ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೆ ಟಿಕೆಟ್ ಮಾಡಿಸಿ ಕಳೆದುಕೊಳ್ಳುವುದಕ್ಕಿಂತ ಹನ್ನೆರಡೂವರೆಯ ನಂತರ ಹೊರಡುವ ಶಿವಮೊಗ್ಗ ಬಸ್ಸನ್ನು ಮೊದಲೇ ನೋಡಿ ಕಾಯ್ದಿರಿಸಿ. ಅಂಥದ್ದು ಸಿಗದಿದ್ದರೆ ಬೆಂಗಳೂರಿನಲ್ಲೇ ಮಲಗಿ ಬೆಳಗಿನ ಬಸ್ಸೋ ರೈಲೋ ಹಿಡಿಯಿರಿ. ಮಧ್ಯಾಹ್ನ ಇಳಿಯುವ ವಿಮಾನ ಸಿಕ್ಕರೆ ರೈಲಿಗೆ ಧಾರಾಳ ಸಮಯವಿರುತ್ತದೆ.

ಸೋಗಾನೆಯ ಕುವೆಂಪು ವಿಮಾನ ನಿಲ್ದಾಣಕ್ಕೆ ಬೆಂಗಳೂರಿನಿಂದ 2023ರ ಆಗಸ್ಟ್ ಕೊನೆಯಿಂದ ವಿಮಾನ ಹಾರುತ್ತಿದೆ. ಬೇರೆ ಟಿಕೆಟಿನಲ್ಲಿ ಅದನ್ನು ಜೋಡಿಸಿಕೊಳ್ಳುವವರು ನಡುವೆ ನಾಲ್ಕೈದು ಗಂಟೆ ಬಿಡಲಿ, ಲಗೇಜಿನ ಮಿತಿ ಕಡಿಮೆಯಿರಬಹುದು ಎಂಬುದನ್ನೂ ನೋಡಿಕೊಳ್ಳಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಮೋಡ–ಮಳೆಯಿಂದ ವಿಮಾನ ರದ್ದಾಗುವುದುಂಟು. ಆ ತಿಂಗಳುಗಳಲ್ಲಿ ರಾತ್ರಿ ಬಸ್ಸೇ ಭರವಸೆ, ಹೊಸನಗರ–ತೀರ್ಥಹಳ್ಳಿ ಕಡೆಯವರು ಶಿವಮೊಗ್ಗದಿಂದ ಮುಂದಿನ ದಾರಿಯಲ್ಲಿ ಮರ ಬಿದ್ದಿದೆಯೇ ಎಂದು ಮನೆಗೆ ಫೋನ್ ಮಾಡಿ ಕೇಳಿಕೊಂಡು ಹೊರಡಿ.